ಮುಂದಿನ ಪ್ರೊಸೆಸರ್ ಮತ್ತು ಇಂದಿನ ಅಮಾನತ್



ಕೆಲವು ದಿನಗಳ ಹಿಂದೆ ಅಸರ್ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲು ಇಳಿಯುತ್ತಿದ್ದಾಗ, ಡಿಪ್ಲೊಮಾ ಓದುವ ನಮ್ಮೂರಿನ ಹುಡುಗನೊಬ್ಬನು ನನ್ನನ್ನು ತಡೆದು ನಿಲ್ಲಿಸಿದನು. "ಹಜ್ರತ್, ಅಬ್ಬಾ ಕಂಪ್ಯೂಟರ್ ಕೊಡಸ್ತೀನಿ ಅಂದಾರ. ಈಗ್ಲೇ ತೊಗೊಳ್ಲೇನ್ರಿ, ಇಲ್ಲಾ ಹೊಸ ಪ್ರೊಸೆಸರ್ ಬರೋತನಕ ತಡೀಲೇನ್ರಿ?" ಎಂದು ಕೇಳಿದನು. ಇಂಟೆಲ್ ಕಂಪನಿಯ 'ನೋವಾ ಲೇಕ್', ಎಎಮ್‌ಡಿ ಕಂಪನಿಯ 'ಝೆನ್ 6' ಎಂಬ ಹೆಸರುಗಳು ಅವನ ನಾಲಗೆಯ ತುದಿಯಲ್ಲಿದ್ದವು. ಒಂದರಲ್ಲಿ 52 ಕೋರ್‌ಗಳು ಇರುವುವಂತೆ, ಇನ್ನೊಂದು ಹಳೆಯ ಸಾಕೆಟ್‌ನಲ್ಲಿಯೇ ಕೂರುವುದಂತೆ ಎಂದು ಅವನು ಒಂದೇ ಉಸಿರಿನಲ್ಲಿ ಹೇಳಿದನು. ಅವನ ಮಾತಿನಲ್ಲಿ 'ಅಂತೆ' ಎಂಬ ಪದವು ಎಷ್ಟು ಸಲ ಬಂದಿತೆಂಬುದನ್ನು ನಾನು ಗಮನಿಸಿದೆನು. ಒಂದು ಕಾಲದಲ್ಲಿ ನನ್ನ ಮಾತು ಸಹ ಹೀಗೆಯೇ ಇತ್ತು.

ಮದ್ರಸದಲ್ಲಿ ಪಾಠ ಹೇಳುವವನಿಗೆ ಇಂತಹ ಪ್ರಶ್ನೆಯನ್ನು ಕೇಳುವುದೇಕೆಂದು ಓದುಗರು ಅಚ್ಚರಿಪಡಬಹುದು. ವಾಡಿಗೆ ಸಮೀಪದ ನಮ್ಮ ರಾವೂರದಲ್ಲಿ ಕಂಪ್ಯೂಟರ್ ಕೆಟ್ಟರೆ ಮೊದಲು ನನ್ನನ್ನು ಕರೆಯುತ್ತಾರೆ. ಕನ್ನಡ ಬಿ.ಎ. ಓದುವಾಗ ನುಡಿಯಲ್ಲಿ ಟೈಪ್ ಮಾಡಲು ಕಲಿತೆನು, ಮದ್ರಸದ ಪ್ರಶ್ನೆಪತ್ರಿಕೆಗಳಿಗಾಗಿ ಉರ್ದುವಿನ ಇನ್‌ಪೇಜ್ ಕಲಿತೆನು. ಅಲ್ಲಿಂದ ಕ್ಯಾಬಿನೆಟ್ ಬಿಚ್ಚಿ ಒಳಗೆ ನೋಡುವ ಅಭ್ಯಾಸವಾಯಿತು. ನಮ್ಮ ಭಾಗದ ಕಂಪ್ಯೂಟರ್‌ಗಳಿಗೆ ಬರುವ ದೊಡ್ಡ ರೋಗವೆಂದರೆ ಧೂಳು. ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಮಶೀನುಗಳ ಬಿಳಿಯ ಹುಡಿಯು ಫ್ಯಾನಿನ ರೆಕ್ಕೆಗಳಲ್ಲಿ ಕುಳಿತು, ಬೇಸಿಗೆಯ ಬಿಸಿಲಿನೊಂದಿಗೆ ಸೇರಿದರೆ ಎಂತಹ ಪ್ರೊಸೆಸರ್ ಆದರೂ ಬಿಸಿಯೇರಿ ನಿಧಾನವಾಗುತ್ತದೆ. ಅನೇಕ ಮನೆಗಳಲ್ಲಿ ಒಂದು ಬ್ರಶ್ಶು ಮತ್ತು ಬ್ಲೋವರ್ ಹಿಡಿದು ಅರ್ಧ ಗಂಟೆ ಕುಳಿತರೆ ಹೊಸ ಕಂಪ್ಯೂಟರಿನ ಮಾತೇ ನಿಂತುಹೋಗುತ್ತದೆ.

ಆ ಹುಡುಗನಿಗೆ ನಾನು ಆ ಕ್ಷಣದಲ್ಲಿ ಉತ್ತರ ಕೊಡಲಿಲ್ಲ. ಉತ್ತರಿಸುವುದಕ್ಕೆ ಮೊದಲು ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕಾಗಿತ್ತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಿಂದ ಒಂದು ಮನೆಗಾದರೂ ಪ್ರಯೋಜನವಾದರೆ ಅದು ಅಲ್ಲಾಹನ ಅನುಗ್ರಹ.

2021ರ ಬಕ್ರೀದ್ ಹಬ್ಬದ ನಂತರದ ಮಾತು. ಕೊರೊನಾ ಕಾಲದಲ್ಲಿ ಶಾಲೆಗಳು ಮುಚ್ಚಿ ಮಕ್ಕಳ ಓದು ಹಿಂದೆ ಬಿದ್ದಿತ್ತು. ಮಸೀದಿಗೆ ಹೊಂದಿಕೊಂಡ ಕೋಣೆಯಲ್ಲಿ ಸಂಜೆಯ ಹೊತ್ತು ಕಂಪ್ಯೂಟರ್ ಕಲಿಸಬೇಕೆಂದು ಹಿರಿಯರು ಮಶ್ವರಾ ಮಾಡಿದರು. ಹುಡುಗಿಯರಿಗೂ ಬೇರೆ ವೇಳೆಯಲ್ಲಿ ತರಗತಿ ನಡೆಯಬೇಕೆಂಬುದು ಎಲ್ಲರ ಅಪೇಕ್ಷೆಯಾಗಿತ್ತು. ಆ ಕೋಣೆಯಲ್ಲಿ ಆಗಲೇ ಒಂದು ಕಂಪ್ಯೂಟರ್ ಇತ್ತು. ಎರಡನೆಯ ಪೀಳಿಗೆಯ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, ಹಳೆಯ ಹಾರ್ಡ್ ಡಿಸ್ಕ್. ಗುಂಡಿ ಒತ್ತಿ, ಹೋಗಿ ವುಝೂ ಮಾಡಿ ಬಂದರೂ ಅದು ಇನ್ನೂ ಎಚ್ಚರಗೊಳ್ಳುತ್ತಲೇ ಇರುತ್ತಿತ್ತು. ಇನ್ನೆರಡು ಕಂಪ್ಯೂಟರ್ ಕೊಳ್ಳಲು ಊರಿನವರು ಹಣ ಕೂಡಿಸಿದರು. ಗಣಿಯಲ್ಲಿ ದಿನಗೂಲಿ ಮಾಡುವವರು ಕೊಟ್ಟರು, ತೊಗರಿ ಮಾರಿದವರು ಕೊಟ್ಟರು, ಕೋಳಿ ಸಾಕಿ ಮೊಟ್ಟೆ ಮಾರುವ ಒಬ್ಬ ಅಜ್ಜಿಯೂ ಸೆರಗಿನ ಗಂಟು ಬಿಚ್ಚಿ ಕೊಟ್ಟರು. ಆ ಹಣವನ್ನು ನನ್ನ ವಶಕ್ಕೆ ಒಪ್ಪಿಸಿ, "ನಿಮಗ ತಿಳೀತದ ಹಜ್ರತ್, ಛಲೋ ನೋಡಿ ತರ್ರಿ" ಎಂದರು.

ಛಲೋ ನೋಡಿ ತರಬೇಕೆಂಬ ಆ ಒಂದು ಮಾತೇ ನನಗೆ ನೆಪವಾಯಿತು.

ಆಗ ಇಂಟೆಲ್‌ನ 12ನೇ ಪೀಳಿಗೆಯು ಬರಲಿದೆಯೆಂಬ ಸುದ್ದಿ ಹರಡಿತ್ತು. ಊರಿನವರ ಹಣದಲ್ಲಿ ಹಳೆಯ ಪೀಳಿಗೆಯದನ್ನು ಏಕೆ ತರಬೇಕು, ಎರಡು ತಿಂಗಳು ಕಾದರೆ ಒಳ್ಳೆಯದೇ ಸಿಗುವುದು ಎಂದುಕೊಂಡೆನು. ನವೆಂಬರ್ 2021ರಲ್ಲಿ ಅದು ಬಂದಿತು. ಮದರ್‌ಬೋರ್ಡು ದುಬಾರಿ, ಡಿಡಿಆರ್5 ರ‍್ಯಾಮ್ ಇನ್ನೂ ದುಬಾರಿ ಎಂದು ಮತ್ತೆ ಕಾದೆನು. ಜನವರಿ 2022ರಲ್ಲಿ ಅದೇ ಪೀಳಿಗೆಯ ಅಗ್ಗದ ಐ3 ಪ್ರೊಸೆಸರ್ ಬಿಡುಗಡೆಯಾಯಿತು. ನಮ್ಮ ತರಗತಿಯ ಕೆಲಸಕ್ಕೆ ಅದು ಬೇಕಾದುದಕ್ಕಿಂತ ಹೆಚ್ಚೇ ಆಗಿತ್ತು. ಇಂದು ಹಿಂದಿರುಗಿ ನೋಡಿದರೆ ಕೊಳ್ಳಬೇಕಾಗಿದ್ದ ದಿನ ಅದೇ. ಆದರೆ ಅಷ್ಟರಲ್ಲಿ ಎಎಮ್‌ಡಿಯ ಹೊಸ ಸಾಕೆಟ್ ಎಎಮ್5 ಬರುವುದೆಂಬ ಸುದ್ದಿಯು ನನ್ನ ಕಿವಿಗೆ ಬಿದ್ದಿತ್ತು. ಸೆಪ್ಟೆಂಬರ್ 2022ರಲ್ಲಿ ಅದೂ ಬಂದಿತು. ಅದಕ್ಕೆ ಡಿಡಿಆರ್5 ರ‍್ಯಾಮ್ ಅಲ್ಲದೆ ಬೇರೆ ನಡೆಯುವುದಿಲ್ಲ ಎಂಬ ಕಾರಣಕ್ಕೆ ಬೆಲೆ ಇಳಿಯಲೆಂದು ಕಾದೆನು. ಅಕ್ಟೋಬರ್ 2022ರಲ್ಲಿ ಇಂಟೆಲ್‌ನ 13ನೆಯದು, ಅಕ್ಟೋಬರ್ 2023ರಲ್ಲಿ 14ನೆಯದು ಬಂದವು. 14ನೆಯದು ಬಹುಮಟ್ಟಿಗೆ 13ನೆಯದೇ ಎಂದು ತಿಳಿದ ಮೇಲೆ, ಹೊಸ ಸಾಕೆಟ್ ಬರುವುದಕ್ಕೆ ಮುಂಚೆ ಹಳೆಯದನ್ನು ಕೊಂಡು ಸಿಕ್ಕಿಹಾಕಿಕೊಳ್ಳುವುದೇಕೆ ಎಂಬ ಇನ್ನೊಂದು ತರ್ಕ ಹುಟ್ಟಿತು.

ಹಿರಿಯರು ಕೇಳಿದಾಗಲೆಲ್ಲ ನನ್ನ ಬಳಿ ಉತ್ತರ ಸಿದ್ಧವಿರುತ್ತಿತ್ತು. ಆ ಉತ್ತರದಲ್ಲಿ ಸುಳ್ಳಿರಲಿಲ್ಲ. ಜಿಪುಣತನವೂ ಇರಲಿಲ್ಲ. ಸಮುದಾಯದ ಹಣವನ್ನು ಎಚ್ಚರದಿಂದ ಕಾಯುತ್ತಿದ್ದೇನೆಂದು ನಾನು ಮನಸಾರೆ ನಂಬಿದ್ದೆನು.

ಈ ನಡುವೆ ಒಬ್ಬಳು ಹುಡುಗಿ ಬರುತ್ತಿದ್ದಳು. ಅವಳು ನಮ್ಮ ಮದ್ರಸದಲ್ಲಿಯೇ ಕುರ್‌ಆನ್ ಓದಿದವಳು. 2022ರಲ್ಲಿ ಪಿಯುಸಿ ಮುಗಿಸಿದ್ದಳು. ಅವಳ ತಂದೆಗೆ ಪಾಲಿಶ್ ಮಶೀನಿನಲ್ಲಿ ಕೆಲಸ. ಟೈಪಿಂಗ್ ಮತ್ತು ಎಕ್ಸೆಲ್ ಬಂದರೆ ಎಲ್ಲಿಯಾದರೂ ಡಾಟಾ ಎಂಟ್ರಿ ಕೆಲಸ ಹಿಡಿಯಬಹುದೆಂಬುದು ಅವಳ ಲೆಕ್ಕ. ವಾಡಿಗೋ ಕಲಬುರಗಿಗೋ ದಿನವೂ ಹೋಗಿಬರಲು ಮನೆಯವರು ಒಪ್ಪುವಂತಿರಲಿಲ್ಲ. ಮಸೀದಿಯ ಪಕ್ಕದ ತರಗತಿಯಾದರೆ ಒಪ್ಪುತ್ತಿದ್ದರು. ಒಂದು ವರ್ಷದಲ್ಲಿ ಅವಳು ಮೂರು ಸಲ ತಾಯಿಯೊಡನೆ ಬಂದು ಕೇಳಿದಳು. ಮೂರು ಸಲವೂ ನಾನು "ಸ್ವಲ್ಪ ತಡಿ ಬೇಟಿ, ಹೊಸದು ಬರ್ಲಾಕ್ಹತ್ತದ" ಎಂದೆನು. 2023ರ ಕೊನೆಯಲ್ಲಿ ಅವಳ ನಿಕಾಹ್ ಆಯಿತು. ತಾಂಡೂರಿಗೆ ಹೋದಳು.

ಅಕ್ಟೋಬರ್ 2024ರಲ್ಲಿ ಇಂಟೆಲ್‌ನ ಹೊಸ ಸಾಕೆಟ್‌ನ ಕೋರ್ ಅಲ್ಟ್ರಾ ಪ್ರೊಸೆಸರ್‌ಗಳು ಬಂದವು. ನಾನು ಅಷ್ಟು ದಿನ ಕಾದದ್ದು ಇದಕ್ಕಾಗಿಯೇ. ಅವು ವಿದ್ಯುತ್ತನ್ನು ಕಡಿಮೆ ಬಳಸುತ್ತವೆಂಬುದು ನಿಜ. ಆದರೆ ಕೆಲವು ಆಟಗಳಲ್ಲಿ ತಮ್ಮ ಹಿಂದಿನ ಪೀಳಿಗೆಗಿಂತಲೂ ಹಿಂದೆ ಬಿದ್ದವೆಂದು ಪರೀಕ್ಷಿಸಿದವರು ಬರೆದರು. ಅದಾದ ಒಂದು ತಿಂಗಳಿಗೆ ಆ ಹುಡುಗಿಯು ಬಾಣಂತಿಯಾಗಿ ತವರಿಗೆ ಬಂದಿದ್ದಳು. ಮಗುವಿನ ಕಿವಿಯಲ್ಲಿ ಅಝಾನ್ ಹೇಳಿ ದುಆ ಮಾಡಲು ನನ್ನನ್ನು ಕರೆದಿದ್ದರು. ಹೊರಡುವಾಗ ಪರದೆಯ ಹಿಂದಿನಿಂದ ಅವಳು ಕೇಳಿದಳು: "ಹಜ್ರತ್, ಕಂಪ್ಯೂಟರ್ ಬಂದಾವೇನ್ರಿ? ನಮ್ಮ ತಂಗೀಗರೆ ಕಲಸ್ರಿ."

ಅವಳ ದನಿಯಲ್ಲಿ ದೂರು ಇರಲಿಲ್ಲ. ದೂರು ಇದ್ದಿದ್ದರೆ ನಾನು ಏನಾದರೊಂದು ಸಮಜಾಯಿಷಿ ಹೇಳುತ್ತಿದ್ದೆನೇನೋ.

ಮನೆಗೆ ಬಂದು ಲೆಕ್ಕದ ಪುಸ್ತಕ ತೆರೆದೆನು. ಒಂದು ರೂಪಾಯಿ ಕಡಿಮೆಯಿರಲಿಲ್ಲ. ಬ್ಯಾಂಕು ಸೇರಿಸಿದ ಬಡ್ಡಿಯನ್ನು ಸಹ ಮೂಲಧನದೊಂದಿಗೆ ಬೆರೆಸದೆ ಬೇರೆಯಾಗಿ ಬರೆದಿಟ್ಟಿದ್ದೆನು. ಅಮಾನತ್ತುಗಳನ್ನು ಅವುಗಳ ಹಕ್ಕುದಾರರಿಗೆ ತಲುಪಿಸಬೇಕೆಂದು ಅಲ್ಲಾಹನು ಅನ್ನಿಸಾ ಅಧ್ಯಾಯದಲ್ಲಿ ಆಜ್ಞಾಪಿಸಿರುವುದನ್ನು ನಾನೇ ಎಷ್ಟೋ ಸಲ ಮಕ್ಕಳಿಗೆ ಓದಿಸಿದ್ದೇನೆ. ಅಂದು ರಾತ್ರಿ ಆ ಆಜ್ಞೆಯಲ್ಲಿ 'ತಲುಪಿಸುವುದು' ಎಂಬ ಭಾಗವು ನನ್ನನ್ನು ಮಲಗಗೊಡಲಿಲ್ಲ. ಹಣವನ್ನು ನಾನು ಕಾಪಾಡಿದ್ದೆ, ತಲುಪಿಸಿರಲಿಲ್ಲ. ಆ ಹಣದ ಹಕ್ಕುದಾರರು ಮಕ್ಕಳು. ಮಕ್ಕಳ ಕಲಿಯುವ ವಯಸ್ಸು ಬ್ಯಾಂಕಿನಲ್ಲಿ ಉಳಿಯುವುದಿಲ್ಲ. ಆ ಅಮಾನತ್ತಿನಲ್ಲಿ ರೂಪಾಯಿಯ ಜೊತೆಗೆ ಮೂರು ವರ್ಷಗಳೂ ಇದ್ದವು. ರೂಪಾಯಿಗೆ ಲೆಕ್ಕವಿತ್ತು. ವರ್ಷಗಳಿಗೆ ನನ್ನ ಬಳಿ ಲೆಕ್ಕವಿರಲಿಲ್ಲ.

ಮರುದಿನ ಸಮಿತಿಯ ಹಿರಿಯರ ಮುಂದೆ ತಪ್ಪೊಪ್ಪಿಕೊಂಡೆನು. ಅವರಲ್ಲಿ ಒಬ್ಬರು ಜೀವನವಿಡೀ ಒಕ್ಕಲುತನ ಮಾಡಿದವರು. ಅವರು ಬೈಯಲಿಲ್ಲ. "ಹಜ್ರತ್, ಮುಂದಿನ ವರ್ಷ ಹೊಸ ತಳಿ ಬೀಜ ಬರ್ತದಂತ ಈ ವರ್ಷದ ಹೊಲ ಯಾರಾದ್ರೂ ಬೀಳ ಬಿಡ್ತಾರೇನ್ರಿ? ಮಳಿ ಆದಾಗ ಕೈಯಾಗ ಇದ್ದ ಬೀಜಾನೇ ಬಿತ್ತೋದು" ಎಂದರು. ನಾನು ಕಿತಾಬುಗಳಲ್ಲಿ ಓದಿದ್ದನ್ನು ಅವರು ಹೊಲದಲ್ಲಿ ಕಲಿತಿದ್ದರು.

ಪ್ರವಾದಿ ಮುಹಮ್ಮದ್(ಸ) ಒಮ್ಮೆ ನೆಲದ ಮೇಲೆ ಒಂದು ಚೌಕವನ್ನು ಬರೆದು, ಅದರ ನಡುವಿನಿಂದ ಹೊರಟು ಚೌಕವನ್ನು ದಾಟಿ ಹೋಗುವ ಒಂದು ಗೆರೆಯನ್ನು ಎಳೆದು ತೋರಿಸಿದ ವಿಷಯವನ್ನು ಅಬ್ದುಲ್ಲಾ ಇಬ್ನ್ ಮಸ್‌ಊದ್(ರ) ವರದಿ ಮಾಡಿದ್ದಾರೆ. ಅದು ಬುಖಾರಿಯಲ್ಲಿದೆ. ಚೌಕವು ಮನುಷ್ಯನನ್ನು ಸುತ್ತುವರಿದ ಆಯುಷ್ಯ, ಹೊರಗೆ ಚಾಚಿದ ಗೆರೆಯು ಅವನ ಆಸೆ. ಆಸೆಯು ಆಯುಷ್ಯದ ಗಡಿಯನ್ನು ದಾಟಿ ಹೋಗಿರುತ್ತದೆ. ಇದನ್ನೇ ವಿದ್ವಾಂಸರು 'ತೂಲುಲ್ ಅಮಲ್', ಅಂದರೆ ನೀಳವಾದ ಆಸೆ ಎನ್ನುತ್ತಾರೆ. ಈ ಪಾಠವನ್ನು ನಾನು ಯಾವಾಗಲೂ ಬಂಗಲೆ ಕಟ್ಟುವವರಿಗೂ ಹಣ ಕೂಡಿಡುವವರಿಗೂ ಅನ್ವಯಿಸಿ ಹೇಳುತ್ತಿದ್ದೆನು. ಒಳ್ಳೆಯ ಕೆಲಸದ ಉಡುಪು ತೊಟ್ಟು ಅದು ನನ್ನ ಮನೆಗೇ ಬಂದೀತೆಂದು ಎಣಿಸಿರಲಿಲ್ಲ.

ಅಜ್ಞಾನ ಕಾಲದ ಅರಬರಲ್ಲಿ ಒಂದು ವ್ಯಾಪಾರ ಪದ್ಧತಿಯಿತ್ತು. ಗಬ್ಬದ ಒಂಟೆಯು ಈದು, ಆ ಮರಿಯು ಬೆಳೆದು ತಾನೂ ಈದ ಮೇಲೆ ಹಣ ಕೊಡುವೆನೆಂದು ವಾಯಿದೆ ಹಾಕುತ್ತಿದ್ದರು. ಪ್ರವಾದಿಯವರು(ಸ) ಅದನ್ನು ನಿಷೇಧಿಸಿದರೆಂದು ಇಬ್ನ್ ಉಮರ್(ರ) ತಿಳಿಸಿದ್ದಾರೆ. ಇನ್ನೂ ಹುಟ್ಟದುದಕ್ಕೆ ಹುಟ್ಟಲಿರುವುದನ್ನು ಆಧಾರವಾಗಿಟ್ಟು ಕಟ್ಟುವ ವಾಯಿದೆಯು ಯಾರ ಕೈಗೂ ಸಿಗುವುದಿಲ್ಲ. ನನ್ನದು ವ್ಯಾಪಾರವಾಗಿರಲಿಲ್ಲ, ಅದರ ವಿಧಿಯು ನನ್ನ ಪ್ರಕರಣಕ್ಕೆ ನೇರವಾಗಿ ಅನ್ವಯಿಸುವುದಿಲ್ಲವೆಂಬುದನ್ನು ನಾನು ಬಲ್ಲೆನು. ಆದರೆ ಬಿಡುಗಡೆಯಾಗದ ಪ್ರೊಸೆಸರ್, ಅದಕ್ಕೆ ಬರಲಿರುವ ಮದರ್‌ಬೋರ್ಡು, ಆ ಬಳಿಕ ಇಳಿಯಲಿರುವ ಬೆಲೆ ಎಂದು ನಾನು ಮಕ್ಕಳಿಗೆ ಹಾಕಿದ ವಾಯಿದೆಯು ಅದಕ್ಕಿಂತ ಭಿನ್ನವಾಗಿರಲಿಲ್ಲ.

ಹಾಗಾದರೆ ಮುಂದಾಲೋಚನೆಯೇ ಬೇಡವೇ? ಖಂಡಿತ ಬೇಕು. ಯೂಸುಫ್(ಅ) ಅವರು ಏಳು ವರ್ಷಗಳ ಬರಗಾಲಕ್ಕಾಗಿ ಅದಕ್ಕೂ ಮೊದಲಿನ ಏಳು ವರ್ಷಗಳಲ್ಲಿ ಸಿದ್ಧತೆ ಮಾಡಿಸಿದರು. ಧಾನ್ಯವನ್ನು ತೆನೆಯಲ್ಲಿಯೇ ಉಳಿಸಬೇಕೆಂಬ ಸೂಕ್ಷ್ಮವನ್ನೂ ಕಲಿಸಿದರು. ಆದರೆ ಎರಡು ಅಂಶಗಳನ್ನು ಗಮನಿಸಬೇಕು. ಒಂದನೆಯದಾಗಿ, ಅವರ ಯೋಜನೆಯು ಅಲ್ಲಾಹನು ಕೊಟ್ಟ ಜ್ಞಾನದ ಮೇಲೆ ನಿಂತಿತ್ತು, ವದಂತಿಯ ಮೇಲಲ್ಲ. ಎರಡನೆಯದಾಗಿ, ಆ ಯೋಜನೆಯಲ್ಲಿ ಬಿತ್ತನೆಯು ಮೊದಲ ವರ್ಷದಿಂದಲೇ ಆರಂಭವಾಯಿತು. ಇಂದು ಕೈಯಲ್ಲಿ ಒಂದು ಕೆಲಸವನ್ನು ಇಡುವ ಯೋಚನೆಯು ಯೋಜನೆ. ಇಂದಿನ ಕೆಲಸವನ್ನು ಕೈಯಿಂದ ಬಿಡಿಸುವುದು ಬರೀ ಆಸೆ.

ಪ್ರೊಸೆಸರ್‌ಗಳ ಲೋಕವನ್ನು ಸ್ವಲ್ಪ ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಒಂದು ಚಿಪ್‌ನಲ್ಲಿ ಹಿಡಿಸುವ ಟ್ರಾನ್ಸಿಸ್ಟರ್‌ಗಳ ಸಂಖ್ಯೆಯು ನಿಯಮಿತ ಕಾಲಕ್ಕೊಮ್ಮೆ ಇಮ್ಮಡಿಯಾಗುವುದೆಂದು ಗಾರ್ಡನ್ ಮೂರ್ ಅವರು 1965ರಲ್ಲಿ ಬರೆದರು. 1975ರಲ್ಲಿ ಆ ಅವಧಿಯನ್ನು ಎರಡು ವರ್ಷವೆಂದು ತಿದ್ದಿದರು. ಅಂದಿನಿಂದ ಇಂದಿನವರೆಗೆ 'ಮುಂದಿನದು ಇದಕ್ಕಿಂತ ಉತ್ತಮ' ಎಂಬ ಮಾತು ಸುಳ್ಳಾದ ವರ್ಷ ಕಡಿಮೆ. ಆ ಮಾತು ಯಾವಾಗಲೂ ನಿಜವಾಗಿದ್ದರೆ, ಅದನ್ನು ಕಾರಣವಾಗಿ ಹಿಡಿದವನು ಎಂದಿಗೂ ಕೊಳ್ಳಲಾರನು.

ಇನ್ನು ಆ ಮುಂದಿನದು ಹೇಳಿದ ದಿನಕ್ಕೆ ಬರುವುದೆಂಬ ಭರವಸೆಯೂ ಇಲ್ಲ. ಇಂಟೆಲ್‌ನ 10 ನ್ಯಾನೋಮೀಟರ್ ತಂತ್ರಜ್ಞಾನವನ್ನು 2016ರ ಸುಮಾರಿಗೆ ನಿರೀಕ್ಷಿಸಲಾಗಿತ್ತು. ಮನೆಯ ಮೇಜಿನ ಕಂಪ್ಯೂಟರ್‌ಗೆ ಅದು ತಲುಪಿದ್ದು ನವೆಂಬರ್ 2021ರಲ್ಲಿ. 2015ರಿಂದ 2021ರ ಆರಂಭದವರೆಗೆ ಪೀಳಿಗೆಯ ಸಂಖ್ಯೆ ಏರುತ್ತ ಹೋದರೂ ಒಳಗಿನ ತಂತ್ರಜ್ಞಾನ 14 ನ್ಯಾನೋಮೀಟರ್‌ನದೇ ಆಗಿತ್ತು. ಅದಕ್ಕಾಗಿ ಕಾದು ಕುಳಿತ ವಿದ್ಯಾರ್ಥಿಯೊಬ್ಬನಿದ್ದರೆ, ಅಷ್ಟರಲ್ಲಿ ಅವನ ಓದೇ ಮುಗಿದಿರುತ್ತಿತ್ತು. ಹೊಸದೆಲ್ಲ ನಿರ್ದೋಷವೂ ಅಲ್ಲ. 13 ಮತ್ತು 14ನೇ ಪೀಳಿಗೆಯ ಕೆಲವು ಪ್ರೊಸೆಸರ್‌ಗಳು ಅತಿಯಾದ ವೋಲ್ಟೇಜಿನಿಂದ ಅಸ್ಥಿರವಾಗುತ್ತಿವೆಯೆಂದು 2024ರಲ್ಲಿ ಕಂಪನಿಯೇ ಒಪ್ಪಿಕೊಂಡು, ಅವುಗಳ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು.

ಬೆಲೆ ಇಳಿಯುವುದೆಂದು ಕಾಯುವವರಿಗೂ 2025ರ ಕೊನೆಯು ಪಾಠ ಕಲಿಸಿತು. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಡಾಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್‌ಗಳ ಬೇಡಿಕೆ ಹೆಚ್ಚಿ, ಮನೆಬಳಕೆಯ ರ‍್ಯಾಮ್‌ನ ಬೆಲೆಯು ಕೆಲವೇ ತಿಂಗಳುಗಳಲ್ಲಿ ವಿಪರೀತ ಏರಿತು. ಪ್ರೊಸೆಸರ್ ಅಗ್ಗವಾಗಲೆಂದು ಕಾದವರು ಅದಕ್ಕೆ ಬೇಕಾದ ರ‍್ಯಾಮ್‌ಗೆ ಹೆಚ್ಚು ತೆರಬೇಕಾಯಿತು. ನಾಳೆ ತಾನೇನು ಗಳಿಸುವೆನೆಂದು ಯಾವ ಜೀವಿಯೂ ಅರಿಯದು ಎಂಬ ಲುಕ್ಮಾನ್ ಅಧ್ಯಾಯದ ಕೊನೆಯ ಸೂಕ್ತದ ಆಶಯವು ಸಂತೆಯ ಬೆಲೆಗೂ ಅನ್ವಯಿಸುತ್ತದೆ.

ವದಂತಿಯ ವಿಷಯದಲ್ಲಿಯೂ ನಮಗೆ ಮಾರ್ಗದರ್ಶನವಿದೆ. ಕೇಳಿದ್ದನ್ನೆಲ್ಲ ಹೇಳಿಕೊಂಡು ತಿರುಗುವುದೇ ಒಬ್ಬನು ಸುಳ್ಳುಗಾರನಾಗಲು ಸಾಕು ಎಂಬ ಅರ್ಥದ ಹದೀಸ್ ಮುಸ್ಲಿಮ್‌ನಲ್ಲಿದೆ. ಸುದ್ದಿ ಬಂದಾಗ ಅದನ್ನು ಪರಿಶೀಲಿಸಿರೆಂದು ಅಲ್‌ಹುಜುರಾತ್ ಅಧ್ಯಾಯವು ಆದೇಶಿಸುತ್ತದೆ. ಒಂದು ಕಂಪನಿಯು ತಾನೇ ಪ್ರಕಟಿಸಿದ ದಿನಾಂಕ ಬೇರೆ, ಯಾರೋ ಸೋರಿಕೆಯಾಯಿತೆಂದು ತೋರಿಸುವ ಚಿತ್ರ ಬೇರೆ. ನನಗಂತೂ ಸೋರಿಕೆಯ ಸುದ್ದಿಗಳನ್ನು ನೋಡುವುದೇ ಒಂದು ಚಟವಾಗಿತ್ತು. ಇಶಾ ಆದ ಮೇಲೆ ಮೊಬೈಲ್ ಹಿಡಿದರೆ ಒಂದು ಗಂಟೆ ಹೋದುದು ತಿಳಿಯುತ್ತಿರಲಿಲ್ಲ. ಕೊಳ್ಳದವನಿಗೂ ಕೊಂಡ ಸುಖ ಕೊಡುವ ಶಕ್ತಿ ಆ ಸುದ್ದಿಗಳಿಗಿದೆ. ಹೆಚ್ಚು ಹೆಚ್ಚು ಬೇಕೆಂಬ ಪೈಪೋಟಿಯು ಮನುಷ್ಯನನ್ನು ಗೋರಿಯವರೆಗೂ ಮೈಮರೆಸುವುದೆಂದು ಅತ್ತಕಾಸುರ್ ಅಧ್ಯಾಯವು ಎಚ್ಚರಿಸುತ್ತದೆ. ಕೈಯಲ್ಲಿ ವಸ್ತುವೇ ಇಲ್ಲದೆ ಆ ಪೈಪೋಟಿಯಲ್ಲಿ ಮುಳುಗಬಹುದೆಂಬುದನ್ನು ನಾನು ನನ್ನಿಂದಲೇ ತಿಳಿದುಕೊಂಡೆನು.

ಜನವರಿ 2025ರಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್‌ಗೆ ಹೋಗಿ, ಕಚೇರಿಗಳಲ್ಲಿ ಬಳಸಿ ಬಿಟ್ಟ, ದುರಸ್ತಿ ಮಾಡಿ ವಾರಂಟಿಯೊಡನೆ ಮಾರುವ ಎರಡು ಕಂಪ್ಯೂಟರ್‌ಗಳನ್ನು ತಂದೆವು. 8ನೇ ಪೀಳಿಗೆಯ ಐ5, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ. ಮೂರು ವರ್ಷ ಕಾದು ನಾನು ತಂದದ್ದು, ಕಾಯಲಾರಂಭಿಸಿದ ದಿನಕ್ಕಿಂತಲೂ ಹಿಂದಿನ ಪೀಳಿಗೆಯ ಪ್ರೊಸೆಸರ್! ಉಳಿದ ಹಣದಲ್ಲಿ ಒಂದು ಯುಪಿಎಸ್ ಮತ್ತು ಹಳೆಯ ಕಂಪ್ಯೂಟರಿಗೂ ಒಂದು ಎಸ್‌ಎಸ್‌ಡಿ ಬಂದವು. ಆ ಹಳೆಯದಕ್ಕೆ ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿದೆವು. ಈಗ ಅದು ವುಝೂ ಮುಗಿಯುವ ಮೊದಲೇ ಸಿದ್ಧವಾಗಿರುತ್ತದೆ. ಯೂನಿಕೋಡ್ ಕನ್ನಡ ಟೈಪಿಂಗ್ ಅದರಲ್ಲಿಯೇ ನಡೆಯುತ್ತದೆ. ಮೊದಲ ತಂಡದಲ್ಲಿ ಆ ಹುಡುಗಿಯ ತಂಗಿಯೂ ಇದ್ದಳು. ಅಲ್‌ಹಮ್ದುಲಿಲ್ಲಾಹ್. ಆದರೆ ತಂಗಿ ಕಲಿತದ್ದರಿಂದ ಅಕ್ಕನ ವರ್ಷಗಳು ಮರಳಿ ಬರಲಿಲ್ಲ. ಅವಳಲ್ಲಿ ಕ್ಷಮೆ ಕೇಳಿದೆನು. ಅವಳು "ಅಲ್ಲಾಹನ ಮರ್ಜಿ ಹಜ್ರತ್" ಎಂದಳು. ವಿಧಿಯ ಮೇಲಿನ ವಿಶ್ವಾಸವು ಅವಳ ಸಹನೆಗೆ ಆಧಾರವಾಗಬಹುದು, ನನ್ನ ಆಲಸ್ಯಕ್ಕೆ ಅದು ನೆಪವಾಗಬಾರದು.

ಈ ಅನುಭವದಿಂದ ಕಲಿತ ಕೆಲವು ಮಾತುಗಳನ್ನು ಕಂಪ್ಯೂಟರ್ ಕೊಳ್ಳಬೇಕೆಂದಿರುವ ಕುಟುಂಬಗಳ ಮುಂದಿಡುತ್ತೇನೆ.

ಮೊದಲು ಮನೆಯಲ್ಲಿ ಯಾರಿಗೆ, ಯಾವ ಕೆಲಸಕ್ಕೆ ಬೇಕೆಂಬುದನ್ನು ಕಾಗದದ ಮೇಲೆ ಬರೆಯಿರಿ. ಟೈಪಿಂಗ್, ಎಕ್ಸೆಲ್, ವಿದ್ಯಾರ್ಥಿವೇತನದ ಅರ್ಜಿ, ಸೇವಾ ಸಿಂಧು, ವಿಡಿಯೋ ಪಾಠ ಇವಿಷ್ಟೇ ಆದರೆ ಇತ್ತೀಚಿನ ಪ್ರೊಸೆಸರ್ ಬೇಕಿಲ್ಲ. ಮಗನು ಎಂಜಿನಿಯರಿಂಗ್ ವಿನ್ಯಾಸವನ್ನೋ ವಿಡಿಯೋ ಸಂಕಲನವನ್ನೋ ಕಲಿಯುತ್ತಿದ್ದರೆ ಶಕ್ತಿಯುತವಾದುದು ಬೇಕಾಗುತ್ತದೆ. ಅಂತಹ ಅಗತ್ಯಕ್ಕೆ ಖರ್ಚು ಮಾಡುವುದು ಇಸ್ರಾಫ್ ಅಲ್ಲ. ಅಗತ್ಯವಿಲ್ಲದೆ ನೆರೆಮನೆಯವರನ್ನು ಮೀರಿಸಲು ಮಾಡುವ ಖರ್ಚು ಇಸ್ರಾಫ್.

ಎರಡನೆಯದಾಗಿ, ಇರುವ ಕಂಪ್ಯೂಟರನ್ನು ಒಮ್ಮೆ ಬಿಚ್ಚಿಸಿ ನೋಡಿ. ಧೂಳು ತೆಗೆಸಿ, ಪ್ರೊಸೆಸರ್ ಮೇಲಿನ ಒಣಗಿದ ಪೇಸ್ಟ್ ಬದಲಿಸಿ, ಹಾರ್ಡ್ ಡಿಸ್ಕಿನ ಜಾಗದಲ್ಲಿ ಎಸ್‌ಎಸ್‌ಡಿ ಹಾಕಿಸಿದರೆ ಇನ್ನೂ ಕೆಲವು ವರ್ಷ ನಡೆಯಬಹುದು. ಪ್ರೊಸೆಸರ್ ಬದಲಿಸುವುದೆಂದರೆ ಹಲವು ಸಲ ಮದರ್‌ಬೋರ್ಡು ಮತ್ತು ರ‍್ಯಾಮ್ ಎರಡನ್ನೂ ಬದಲಿಸಿದಂತೆ. ಎಸ್‌ಎಸ್‌ಡಿಯ ಖರ್ಚು ಅದರ ಒಂದು ಪಾಲು ಮಾತ್ರ.

ಮೂರನೆಯದಾಗಿ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲವು 14 ಅಕ್ಟೋಬರ್ 2025ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಮ್ 2.0 ಎಂಬ ಭದ್ರತಾ ವ್ಯವಸ್ಥೆಯೂ, ಹೆಚ್ಚುಕಡಿಮೆ ಇಂಟೆಲ್‌ನ 8ನೇ ಪೀಳಿಗೆ ಅಥವಾ ಎಎಮ್‌ಡಿಯ ರೈಜನ್ 2000 ಸರಣಿಯ ಇಲ್ಲವೇ ಅವುಗಳ ನಂತರದ ಪ್ರೊಸೆಸರ್ರೂ ಬೇಕು. ಹಳೆಯದನ್ನು ಕೊಳ್ಳುವವರು ಇದನ್ನು ಕೇಳಿಯೇ ಹಣ ಕೊಡಿ. ನಿಮ್ಮಲ್ಲಿರುವುದು ಇದಕ್ಕೆ ಒಪ್ಪದಿದ್ದರೆ ಎಸೆಯಬೇಡಿ, ಲಿನಕ್ಸ್ ಹಾಕಿಸಿ. ನಿಮಗೆ ಬೇಡವಾದರೆ ಕಲಿಯುವ ಮಗುವಿರುವ ಮನೆಗೆ ಕೊಡಿ.

ನಾಲ್ಕನೆಯದಾಗಿ, ಹೊಸದನ್ನೇ ಕೊಳ್ಳುವುದಾದರೆ ಸಾಕೆಟ್‌ನ ಆಯುಷ್ಯವನ್ನು ನೋಡಿ. ಮುಂದಾಲೋಚನೆಗೆ ನಿಜವಾದ ಜಾಗ ಇದು. 2017ರಲ್ಲಿ ಎಎಮ್4 ಸಾಕೆಟ್‌ನ ಮೊದಲ ರೈಜನ್ ಕೊಂಡವರಲ್ಲಿ ಅನೇಕರು, ಬಯೋಸ್ ನವೀಕರಿಸಿಕೊಂಡು ಅದೇ ಬೋರ್ಡಿನಲ್ಲಿ 2020ರ ರೈಜನ್ 5000 ಸರಣಿಯ ಪ್ರೊಸೆಸರನ್ನು ಕೂರಿಸಿದರು. ಅವರು ಕಾಯಲಿಲ್ಲ. ಕೊಂಡರು, ಬಳಸಿದರು, ಅಗತ್ಯ ಬಂದಾಗ ಬದಲಿಸಿದರು. ಎಎಮ್5ಕ್ಕೆ 2027ರವರೆಗೆ ಮತ್ತು ಆ ನಂತರವೂ ಬೆಂಬಲ ನೀಡುವುದಾಗಿ ಎಎಮ್‌ಡಿ ಹೇಳಿದೆ.

ಕೊನೆಯದಾಗಿ, ಬಜೆಟ್‌ನ ಜೊತೆಗೆ ಒಂದು ದಿನಾಂಕವನ್ನೂ ನಿಗದಿಪಡಿಸಿ. ತಿಳಿದವರೊಡನೆ ಮಶ್ವರಾ ಮಾಡಿ, ಇಸ್ತಿಖಾರಾ ಮಾಡಿ, ಇನ್ ಶಾ ಅಲ್ಲಾಹ್ ಎಂದು ಹೇಳಿ, ಆ ದಿನ ಬಂದಾಗ ಮಾರುಕಟ್ಟೆಯಲ್ಲಿ ಸಿಗುವುದರಲ್ಲಿ ಉತ್ತಮವಾದುದನ್ನು ತನ್ನಿ. ಬಿಡುಗಡೆಯ ದಿನವನ್ನು ಕಂಪನಿಯೇ ಪ್ರಕಟಿಸಿದ್ದು, ಅದಕ್ಕೆ ಕೆಲವೇ ವಾರಗಳಿದ್ದು, ಅಷ್ಟು ದಿನದಲ್ಲಿ ಯಾರ ಕಲಿಕೆಯೂ ಕೆಲಸವೂ ನಿಲ್ಲುವುದಿಲ್ಲವೆಂದಾದರೆ ಕಾಯುವುದರಲ್ಲಿ ತಪ್ಪಿಲ್ಲ. ಕೊಂಡ ಮೇಲೆ ಮಾತ್ರ ಮುಂದಿನದರ ಸುದ್ದಿಯನ್ನು ನೋಡುವುದನ್ನು ಬಿಡಿ. ಇರುವುದರ ಬಗ್ಗೆ ಕೃತಜ್ಞತೆಯನ್ನು ಆ ಸುದ್ದಿಯು ಬೇಗ ತಿಂದುಹಾಕುತ್ತದೆ.

ಮರುದಿನ ಆ ಹುಡುಗನನ್ನು ನಾನೇ ಕರೆದು ಕೇಳಿದೆನು: "ಕಾಲೇಜಿನ ಪ್ರಾಜೆಕ್ಟು ಯಾವಾಗ ಕೊಡಬೇಕು ಬೇಟಾ?" ಇನ್ನು ಮೂರು ತಿಂಗಳು ಎಂದನು. ನೋವಾ ಲೇಕ್ 2026ರ ಕೊನೆಯ ಹೊತ್ತಿಗೆ ಬರುವುದೆಂದು ಇಂಟೆಲ್ ತಾನೇ ಹೇಳಿಕೊಂಡಿತ್ತು. "ಹಂಗಾದ್ರ ಉತ್ತರ ನಿನ್ನ ಪ್ರಾಜೆಕ್ಟೇ ಕೊಟ್ಟದ. ಅಬ್ಬಾನ ಕೈಯಾಗ ಎಷ್ಟದ ಅಷ್ಟರಾಗ ಈಗ ತೊಗೊ" ಎಂದೆನು. ಅವನು ನಕ್ಕು, "ಝೆನ್ 6 ಹೆಂಗಿರ್ತದ ಅಂತ ಅನ್ನಿಸ್ತದ್ರಿ ಹಜ್ರತ್?" ಎಂದನು. ಒಂದು ಕ್ಷಣ ನನ್ನ ನಾಲಗೆಯೂ ತುಡಿಯಿತು. ಅಷ್ಟರಲ್ಲಿ ಮಗ್ರಿಬ್‌ನ ಅಝಾನ್ ಆಯಿತು. ಇಬ್ಬರೂ ಒಳಗೆ ಹೋದೆವು.

ಸಂಜೆಯಾದರೆ ಮುಂಜಾವನ್ನು, ಮುಂಜಾವಾದರೆ ಸಂಜೆಯನ್ನು ಕಾಯಬಾರದೆಂದು ಇಬ್ನ್ ಉಮರ್(ರ) ಉಪದೇಶಿಸುತ್ತಿದ್ದರು. ನಮ್ಮ ವಶಕ್ಕೆ ಬಂದ ಹಣವನ್ನೂ ಕಾಲವನ್ನೂ, ನಮ್ಮನ್ನು ನಂಬಿ ಬಂದ ಮಕ್ಕಳ ವಯಸ್ಸನ್ನೂ ಅಮಾನತ್ ಎಂದು ತಿಳಿದು ವೇಳೆಗೆ ಸರಿಯಾಗಿ ತಲುಪಿಸುವ ಬುದ್ಧಿಯನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ನನ್ನಿಂದಾದ ವಿಳಂಬವನ್ನು ಅವನು ಮನ್ನಿಸಲಿ. ಆ ತಂಗಿಯ ಹಾಗೂ ಅವಳ ಮಗುವಿನ ಬಾಳಿನಲ್ಲಿ ಬರಕತ್ ನೀಡಲಿ. ಆಮೀನ್.